ಎಣ್ಣೆಯನ್ನು ಸೆಕೆಂಡಿನಲ್ಲಿ ಅಳೆದ ಕಾಲ

ಊರಿನ ಸೇರೇ ಬೇರೆ, ಮುಂಬಯಿಯ ಸೇರೇ ಬೇರೆ ಎಂಬ ತಾಪತ್ರಯ ನಮ್ಮ ಹಿರಿಯರಿಗೆಲ್ಲ ಗೊತ್ತಿದ್ದದ್ದೇ. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ನಂತರ ಅದು ಅಂಗಡಿಗಳಿಂದ ಕ್ರಮೇಣ ಮರೆಯಾಯಿತು. ಎಣ್ಣೆ ವ್ಯಾಪಾರದಲ್ಲಿ ಮಾತ್ರ ಅಂಥದೇ ಇನ್ನೊಂದು ಗೊಂದಲ ಬಹುಕಾಲ ಉಳಿಯಿತು. ಅದು ಎಣ್ಣೆಯ ತೂಕದ ಮಾತಲ್ಲ, ಸ್ನಿಗ್ಧತೆಯ ಮಾತು. ಎಂದರೆ ಹರಿಯಲು ಅದು ಎಷ್ಟು ಹಿಂಜರಿಯುತ್ತದೆ ಎಂಬ ಲೆಕ್ಕ.

ಬೆಲ್ಲದ ಪಾಕ ಒಂದೆಳೆಗೆ ಬಂತೇ ಎಂದು ನಮ್ಮ ಹೆಂಗಸರು ಬೆರಳಲ್ಲಿ ನೋಡುತ್ತಾರಲ್ಲ, ಅದೂ ಈ ಪರೀಕ್ಷೆಯೇ. ಇಂಗ್ಲೆಂಡಿನ ಬೊವರ್ಟನ್ ರೆಡ್‌ವುಡ್ ಅದಕ್ಕೊಂದು ಪಾತ್ರೆ ಮಾಡಿದ: ತಳದ ಸಣ್ಣ ರಂಧ್ರದಿಂದ 50 ಮಿಲಿಲೀಟರ್ ಎಣ್ಣೆ ಇಳಿಯಲು ಎಷ್ಟು ಸೆಕೆಂಡು? ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯಲ್ಲಿದ್ದ ಸೇಬೋಲ್ಟನ ಪಾತ್ರೆಯಲ್ಲಿ 60 ಮಿಲಿಲೀಟರ್ ಇಳಿಯಬೇಕು. ಜರ್ಮನಿಯ ಎಂಗ್ಲರ್ ಸೆಕೆಂಡನ್ನೇ ಬಿಟ್ಟು, ನೀರಿಗಿಂತ ಎಷ್ಟು ಪಟ್ಟು ಹೊತ್ತು ಹಿಡಿಯಿತು ಎಂದು ಎಣಿಸಿದ.

ನಮ್ಮ ಟ್ರಾಂಬೆಯಲ್ಲಿ 1954ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಮನೆತನದ ಸ್ಟ್ಯಾನ್‌ವ್ಯಾಕ್, 1955ರಲ್ಲಿ ಬ್ರಿಟಿಷರ ಬರ್ಮಾ ಶೆಲ್ ತಂತಮ್ಮ ಶುದ್ಧೀಕರಣಾಗಾರ ತೆರೆದವು. ಒಂದರ ತವರಿನಲ್ಲಿ ಸೇಬೋಲ್ಟ್, ಇನ್ನೊಂದರ ತವರಿನಲ್ಲಿ ರೆಡ್‌ವುಡ್! 200 ಸೆಕೆಂಡು ಎಂದರೆ ರೆಡ್‌ವುಡ್ ಲೆಕ್ಕದಲ್ಲಿ ಸುಮಾರು 49 ಸೆಂಟಿಸ್ಟೋಕ್, ಸೇಬೋಲ್ಟ್ ಲೆಕ್ಕದಲ್ಲಿ ಸುಮಾರು 43. ಯಾರ ಸೆಕೆಂಡು ಎಂದು ಕೇಳದೆ ತಂದ ಎಣ್ಣೆ ಯಂತ್ರಕ್ಕೆ ಹೊಂದದೆ ಹೋಗಬಹುದು.

ರೆಡ್‌ವುಡ್ ಸೆಕೆಂಡು ನೂರು ಮೀರಿದರೆ ಅದನ್ನು 0.247ರಿಂದ ಗುಣಿಸಿ, 50ನ್ನು ಅದೇ ಸೆಕೆಂಡಿನಿಂದ ಭಾಗಿಸಿ ಕಳೆದರೆ ಸೆಂಟಿಸ್ಟೋಕ್ ಸಿಗುತ್ತದೆ. ಲೆಕ್ಕವೇನೋ ಸುಲಭ. ಎಡವುವುದು ಉಷ್ಣತೆಯಲ್ಲಿ. ಹಡಗಿನ ಇಂಧನಕ್ಕೆ ಹಳಬರು ‘1500 ಸೆಕೆಂಡಿನದು’ ಎನ್ನುತ್ತಿದ್ದರು. ಸೂತ್ರ ಹಚ್ಚಿದರೆ 370 ಸೆಂಟಿಸ್ಟೋಕ್ ಬರುತ್ತದೆ. ಸರಿ, ಹಾಗಾದರೆ ಹೊಸ ಪಟ್ಟಿಯ 380ರ ಎಣ್ಣೆಯೇ ಇದು ಎಂದುಕೊಂಡರೆ ಕೆಟ್ಟಿತು! ಆ 1500 ಸೆಕೆಂಡು 100 ಡಿಗ್ರಿ ಫಾರನ್‌ಹೀಟಿನದು, ಅಂದರೆ 38 ಸೆಂಟಿಗ್ರೇಡಿನದು. ಹೊಸ ಪಟ್ಟಿ 50 ಸೆಂಟಿಗ್ರೇಡಿನದು. ಬಿಸಿಯೇರಿದಂತೆ ಎಣ್ಣೆ ತೆಳುವಾಗುವುದರಿಂದ ಅದು ಅಲ್ಲಿ 180ರ ಎಣ್ಣೆ. ತಪ್ಪಿ 380ರದನ್ನು ತುಂಬಿಸಿಕೊಂಡು ಮೊದಲಿನಷ್ಟೇ ಕಾಯಿಸಿದರೆ ಪಂಪು ಏದುತ್ತದೆ. ಎಣ್ಣೆ ಸಣ್ಣ ಹನಿಯಾಗಿ ಒಡೆಯದೆ ಕರಿಹೊಗೆ ಏಳುತ್ತದೆ.

ಎಸ್ಸೋ ಆಗಿದ್ದ ಸ್ಟ್ಯಾನ್‌ವ್ಯಾಕ್ 1974ರಲ್ಲಿ, ಬರ್ಮಾ ಶೆಲ್ 1976ರಲ್ಲಿ ಸರಕಾರದ ವಶವಾದವು. ಇವುಗಳ ನಡುವೆ, 1975ರಲ್ಲಿ, ಯಂತ್ರದ ಎಣ್ಣೆಗಳಿಗೆ ಜಗತ್ತಿಗೆಲ್ಲ ಒಂದೇ ಪಟ್ಟಿ ಬಂತು. ಇಂದು ಪೀಪಾಯಿಯ ಮೇಲೆ ಕಾಣುವ 32, 46, 68 ಎಂಬ ಅಂಕೆಗಳು ಆ ಪಟ್ಟಿಯವೇ; 40 ಸೆಂಟಿಗ್ರೇಡಿನಲ್ಲಿ ಅಳೆದ ಸೆಂಟಿಸ್ಟೋಕ್‌ಗಳು.