ಶಿವಪುರ ಧ್ವಜ ಸತ್ಯಾಗ್ರಹ ಸೌಧ

ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನದ ನೆನಪಿಗೆ ಮದ್ದೂರಿನ ಪಕ್ಕದ ಶಿವಪುರದಲ್ಲಿ ಕಟ್ಟಿದ ಸ್ಮಾರಕವಿದು.

ಅರಸರ ಕಾಲದ ಮೈಸೂರು ಸಂಸ್ಥಾನದಲ್ಲಿ 1934ರಲ್ಲಿ ಒಂದುಗೂಡಿದ್ದ ಪ್ರಜಾಪಕ್ಷ ಮತ್ತು ಪ್ರಜಾಮಿತ್ರ ಮಂಡಳಿ 1937ರಲ್ಲಿ ಕಾಂಗ್ರೆಸ್ಸಿನಲ್ಲಿ ವಿಲೀನಗೊಂಡವು. ಜವಾಬ್ದಾರಿ ಸರ್ಕಾರ, ಅಂದರೆ ಜನಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರ, ಪಕ್ಷದ ಮುಖ್ಯ ಬೇಡಿಕೆಯಾಗಿತ್ತು. 1938ರ ಏಪ್ರಿಲ್ 11ರಂದು ಅಧಿವೇಶನದ ಅಧ್ಯಕ್ಷ ಟಿ. ಸಿದ್ದಲಿಂಗಯ್ಯ ನಿಷೇಧಾಜ್ಞೆ ಮುರಿದು ಇಲ್ಲಿ ಕಾಂಗ್ರೆಸ್ ಧ್ವಜವೇರಿಸಿ ಬಂಧನಕ್ಕೊಳಗಾದರು.

ಧ್ವಜವನ್ನು ಗಮನಿಸಿ: ಇಂದಿನದರಲ್ಲಿ ಅಶೋಕಚಕ್ರವಿದೆ, ಅಂದು ಏರಿದ ಖಾದಿ ತ್ರಿವರ್ಣದ ನಡುವೆ ಇದ್ದದ್ದು ಚರಕ.

ಎರಡೇ ವಾರದಲ್ಲಿ, ಏಪ್ರಿಲ್ 25ರಂದು, ವಿದುರಾಶ್ವತ್ಥ ಗ್ರಾಮದಲ್ಲಿ ಸತ್ಯಾಗ್ರಹಿಗಳ ಮೇಲೆ ಗೋಲಿಬಾರ್ ನಡೆಯಿತು. ಬಳಿಕ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಕಾಂಗ್ರೆಸ್ ನಾಯಕ ಸರ್ದಾರ್ ಪಟೇಲರ ನಡುವಿನ ಮಿರ್ಜಾ–ಪಟೇಲ್ ಒಪ್ಪಂದದಂತೆ ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜ ಹಾರಿಸಲು ಅನುಮತಿ ಸಿಕ್ಕಿತು. ಜವಾಬ್ದಾರಿ ಸರ್ಕಾರದ ಬೇಡಿಕೆ 1947ರ ಅಕ್ಟೋಬರಿನಲ್ಲಿ ಈಡೇರಿ, ಕೆ.ಸಿ. ರೆಡ್ಡಿ ಮೊದಲ ಮುಖ್ಯಮಂತ್ರಿಯಾದರು.