ರೀ, ಈ ಊರಿನೋರೆಲ್ಲ ಎಲ್ಲಿ?

ನ್ಯೂಸ್ ಚಾನೆಲ್‌ನಲ್ಲಿ ಕೆಲಸ ಮಾಡೋನಿಗೆ ರಜೆ ಅನ್ನೋದು ಲಾಟರಿ ಇದ್ದ ಹಾಗೆ. ಹೊಡೆದರೆ ಹೊಡೀತು, ಇಲ್ಲಾಂದ್ರೆ ಇಲ್ಲ. ಸಂಜೆ ಬ್ಯಾಗ್ ತುಂಬಿ ಇಟ್ಟಿರ್ತೀವಿ, ರಾತ್ರಿ ಯಾವುದೋ ಸರ್ಕಾರ ಅಲ್ಲಾಡುತ್ತೆ. ಬ್ಯಾಗು ವಾಪಸ್ ಅಟ್ಟಕ್ಕೆ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ಆ ವರ್ಷ ಮಾತ್ರ ಹೇಗೋ ಐದು ದಿನ ಸಿಕ್ಕಿತು. ನಾನು, ನನ್ನ ಹೆಂಡತಿ, ಇಬ್ಬರೇ. ಮಾಲ್ಡೀವ್ಸ್‌ಗೆ ಹೋದೆವು.

ಹೇಗಿತ್ತು ಅಂತ ಕೇಳಿದರೆ ಸುಳ್ಳು ಹೇಳಲ್ಲ, ಚೆನ್ನಾಗಿತ್ತು. ನೀರಿನ ಬಣ್ಣ ಫೋಟೋದಲ್ಲಿ ನೋಡಿದ್ದಕ್ಕಿಂತ ಚೆನ್ನಾಗಿತ್ತು. ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಸಮುದ್ರಕ್ಕೆ ಕಾಲಿಳಿಸಬಹುದಿತ್ತು. ಮೊಬೈಲು ಕಪಾಟಿನಲ್ಲಿ ಬಿದ್ದಿತ್ತು. ಎರಡು ತೆಂಗಿನ ಮರದ ನಡುವೆ ಕಟ್ಟಿದ ಜೋಲಿಯಲ್ಲಿ ಮಲಗಿ ನಾನು ಎಷ್ಟೋ ವರ್ಷದ ನಿದ್ದೆಯ ಸಾಲ ತೀರಿಸಿದೆ. ಎರಡನೆಯ ದಿನ ಬೆಳಗ್ಗೆ ದ್ವೀಪಕ್ಕೆ ಒಂದು ಸುತ್ತು ಹಾಕಿ ಬಂದೆವು. ಪೂರ್ತಿ ದ್ವೀಪ ಅಂದರೆ ಇಪ್ಪತ್ತು ನಿಮಿಷದ ನಡಿಗೆ, ಅಷ್ಟೇ. ವಾಪಸ್ ಬಂದು ಕೂತವಳು ಕೇಳಿದಳು: "ರೀ, ಈ ಊರಿನೋರೆಲ್ಲ ಎಲ್ಲಿ?"

ಎಂಥ ಸರಳ ಪ್ರಶ್ನೆ ನೋಡಿ. ದೋಣಿ ಇದೆ, ಬಲೆ ಒಣಗಿಸುವವರಿಲ್ಲ. ತೆಂಗಿನ ಮರ ಇದೆ, ಕಾಯಿ ಕೀಳುವವನ ಮನೆಯಿಲ್ಲ. ಒಂದು ಮಗುವಿನ ಅಳು ಕೇಳಲಿಲ್ಲ, ಒಂದು ಕೋಳಿ ಕೂಗಲಿಲ್ಲ. ನಮ್ಮ ಮಲ್ಪೆಗೋ ಮುರುಡೇಶ್ವರಕ್ಕೋ ಹೋದರೆ ಒಣಮೀನಿನ ವಾಸನೆ ಮೊದಲು ಬಂದು ಮಾತಾಡಿಸುತ್ತೆ. ಇಲ್ಲಿ ಸಮುದ್ರಕ್ಕೇ ವಾಸನೆ ಇರಲಿಲ್ಲ. ರೂಮು ಗುಡಿಸೋಕೆ ಬರುತ್ತಿದ್ದ ಹುಡುಗನನ್ನ ಮಾತಾಡಿಸಿದರೆ ಅವನೂ ಇಲ್ಲಿಯವನಲ್ಲ, ಬಾಂಗ್ಲಾದೇಶದವನು.

ಅವತ್ತು ಅವಳಿಗೆ ನಾನು ಉತ್ತರ ಕೊಡಲಿಲ್ಲ. ಗೊತ್ತಿದ್ದರೆ ತಾನೇ ಕೊಡೋದು? ಮುಂದಿನ ವರ್ಷ, 2024ರ ಜನವರಿಯಲ್ಲಿ, ಲಕ್ಷದ್ವೀಪವೋ ಮಾಲ್ಡೀವ್ಸೋ ಅನ್ನುವ ಗಲಾಟೆ ಶುರುವಾಯಿತಲ್ಲ, ಅಲ್ಲಿಯ ಮೂವರು ಉಪಸಚಿವರು ನಮ್ಮ ಪ್ರಧಾನಿಯ ಬಗ್ಗೆ ಏನೇನೋ ಬರೆದು ಅಮಾನತಾದರಲ್ಲ, ಆಗ ನಾನೂ ಸ್ಟುಡಿಯೋದಲ್ಲಿ ನಾಲ್ಕು ಸಂಜೆ ಕೂಗಾಡಿದೆ. ಟಿಕೆಟ್ ಕ್ಯಾನ್ಸಲ್ ಮಾಡಬೇಕೋ ಬೇಡವೋ ಅಂತ ಚರ್ಚೆ. ಆ ನಾಲ್ಕು ಸಂಜೆಯಲ್ಲಿ ನನ್ನ ಹೆಂಡತಿಯ ಪ್ರಶ್ನೆಯನ್ನು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಕೂತು ಓದಿದೆ.

ಓದಿದಾಗ ಮೊದಲು ಸಿಕ್ಕಿದ್ದು ಕವಡೆ. ಹೌದು ಸ್ವಾಮಿ, ಚೌಕಾಬಾರ ಆಡುವ ಕವಡೆ, ಸವದತ್ತಿ ಎಲ್ಲಮ್ಮನ ಜೋಗತಿಯರ ಕೊರಳಿನ ಕವಡೆ. ಯಾರನ್ನಾದರೂ ಹೀನಾಯವಾಗಿ ಬೈಯಬೇಕಾದರೆ "ಕವಡೆ ಕಾಸಿನ ಕಿಮ್ಮತ್ತಿಲ್ಲ" ಅಂತೀವಲ್ಲ, ಆ ಕಾಸಿನ ಅತಿ ದೊಡ್ಡ ಟಂಕಸಾಲೆ ಇದೇ ಮಾಲ್ಡೀವ್ಸ್. ಕಡಲಿನಿಂದ ಕವಡೆ ಹೆಕ್ಕುತ್ತಿದ್ದರು, ದಡದಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು, ಒಳಗಿನ ಮಾಂಸ ಕೊಳೆತುಹೋದ ಮೇಲೆ ಬಿಳಿ ಚಿಪ್ಪನ್ನು ತೆಗೆಯುತ್ತಿದ್ದರು. ಇವತ್ತು ಜೋಡಿಗಳು ಟವೆಲ್ ಹಾಸಿ ಮಲಗುವ ಮರಳಿನಂಥದ್ದೇ ಮರಳಿನಲ್ಲಿ! ಆ ದಡಕ್ಕೆ ಆಗ ಯಾವ ವಾಸನೆ ಇದ್ದಿರಬಹುದು, ನೀವೇ ಊಹಿಸಿ.

ಇದನ್ನು ಬರೆದಿಟ್ಟವನು ಇಬ್ನ್ ಬತೂತಾ. ಮೊರಾಕ್ಕೋದವನು, ದಿಲ್ಲಿಯಲ್ಲಿ ಮೊಹಮ್ಮದ್ ಬಿನ್ ತುಘಲಕ್‌ನ ನೌಕರಿಯಲ್ಲಿದ್ದವನು. ನಮ್ಮ ಹೊನ್ನಾವರಕ್ಕೂ ಬಂದಿದ್ದ ಆಸಾಮಿ. ಅಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆ ಇದ್ದವು ಅಂತ ಆಶ್ಚರ್ಯಪಟ್ಟು ಬರೆದಿದ್ದಾನೆ. 1343ರ ಕೊನೆಯ ಹೊತ್ತಿಗೆ ಮಾಲ್ಡೀವ್ಸ್ ತಲುಪಿದ. ಒಂದು ಚಿನ್ನದ ದಿನಾರಿಗೆ ನಾಲ್ಕು ಲಕ್ಷ ಕವಡೆ, ಅಗ್ಗವಾದಾಗ ಹನ್ನೆರಡು ಲಕ್ಷ, ಅಂತ ಲೆಕ್ಕ ಕೊಡುತ್ತಾನೆ. ಬಂಗಾಳದವರು ಅಕ್ಕಿ ತಂದು ಸುರಿದು ಕವಡೆ ತುಂಬಿಕೊಂಡು ಹೋಗುತ್ತಿದ್ದರಂತೆ. ಆಗ ಬಂಗಾಳದಿಂದ ಅಕ್ಕಿ ಬರುತ್ತಿತ್ತು, ಈಗ ರೂಮು ಗುಡಿಸುವ ಹುಡುಗರು ಬರುತ್ತಾರೆ. ಮುಂದೆ ಯುರೋಪಿನವರು ಇದೇ ಕವಡೆಯನ್ನು ಬಂಗಾಳ, ಸಿಲೋನ್ ಕಡೆಯಿಂದ ಹಡಗಿನ ತಳಕ್ಕೆ ತುಂಬಿಸಿಕೊಂಡು ಊರಿಗೆ ಒಯ್ದು, ಅಲ್ಲಿಂದ ಪಶ್ಚಿಮ ಆಫ್ರಿಕಾಕ್ಕೆ ಸಾಗಿಸಿ, ಅದನ್ನು ಕೊಟ್ಟು ಮನುಷ್ಯರನ್ನು ಕೊಂಡರು. ಗುಲಾಮರನ್ನ! ಆಟದ ಕವಡೆ ಅಂದುಕೊಂಡಿದ್ದೆ ನಾನು.

ಬತೂತಾ ಬರೆದ ಇನ್ನೊಂದು ವಿಷಯ ಜೋಡಿಗಳದ್ದು. ಅಲ್ಲಿ ಮದುವೆ ಬಹಳ ಸುಲಭ, ವಧುದಕ್ಷಿಣೆ ತೀರಾ ಕಡಿಮೆ. ಹಡಗು ಬಂದು ನಿಂತಾಗ ನಾವಿಕರು ಅಲ್ಲಿನ ಹೆಣ್ಣುಗಳನ್ನು ಮದುವೆಯಾಗುತ್ತಾರೆ, ಹೊರಡುವಾಗ ತಲಾಖ್ ಕೊಟ್ಟು ಹೋಗುತ್ತಾರೆ. ಹೆಂಗಸರು ಮಾತ್ರ ದೇಶ ಬಿಟ್ಟು ಕದಲುವುದಿಲ್ಲ. ಬರೆದವನೇನೂ ಸಾಚಾ ಅಲ್ಲ, ಅವನೇ ಅಲ್ಲಿ ನಾಲ್ಕು ಮದುವೆಯಾದ! ಆ ಜನ ಇವನನ್ನು ಒತ್ತಾಯ ಮಾಡಿ ಖಾಜಿಯಾಗಿ ಕೂರಿಸಿದರು. ಇವನೋ ಹೆಂಗಸರೆಲ್ಲ ಮೈತುಂಬ ಬಟ್ಟೆ ಹಾಕಬೇಕು ಅಂತ ಹುಕುಂ ಹೊರಡಿಸಿದ. ಸೊಂಟದ ಮೇಲೆ ಬಟ್ಟೆ ಹಾಕುವ ರೂಢಿ ಇಲ್ಲದ ಊರು. ಅವನ ಮಾತನ್ನ ಯಾರೂ ಕೇಳಲಿಲ್ಲ, ಸೋತೆ ಅಂತ ತಾನೇ ಒಪ್ಪಿಕೊಂಡಿದ್ದಾನೆ. ಇವತ್ತು ಅದೇ ದೇಶದಲ್ಲಿ ರೆಸಾರ್ಟಿನ ದಡದಲ್ಲಿ ಒಂದು ಉಡುಪು, ಜನವಸತಿಯ ದ್ವೀಪದಲ್ಲಿ ಬೇರೆಯೇ ಉಡುಪು. ಬಿಯರೂ ಹಾಗೇ, ರೆಸಾರ್ಟಿನಲ್ಲಿ ಸಿಗುತ್ತೆ, ಊರಿನಲ್ಲಿ ನಿಷೇಧ.

ಹೊರಗಿನವರಿಗೆ ಅದು ಸ್ವರ್ಗವಾಗಿತ್ತಾ? ಬಿಲ್ಕುಲ್ ಇಲ್ಲ. ನೀರಿನ ಕೆಳಗೆ ಅಡಗಿ ಕೂತ ಹವಳದ ದಿಬ್ಬ ಹಡಗುಗಳನ್ನು ಸೀಳುತ್ತಿತ್ತು, ದಡ ಸೇರಿದವರನ್ನು ಅಲ್ಲಿಯ ಜ್ವರ ಕೊಲ್ಲುತ್ತಿತ್ತು. 1602ರ ಜುಲೈನಲ್ಲಿ ಒಂದು ಫ್ರೆಂಚ್ ಹಡಗು ಹೀಗೇ ಒಡೆಯಿತು. ಬದುಕಿ ದಡ ಸೇರಿದವರಲ್ಲಿ ಬಹುಪಾಲು ಮಂದಿ ಆಮೇಲೆ ಸತ್ತರು. ಫ್ರಾನ್ಸ್ವಾ ಪಿರಾರ್ ಎಂಬೊಬ್ಬ ಉಳಿದ. ಹೇಗೆ ಗೊತ್ತಾ? ಅಲ್ಲಿಯ ದಿವೇಹಿ ಭಾಷೆ ಕಲಿತ, ಅರಸನಿಗೆ ಬೇಕಾದವನಾದ. ಆದರೂ ದೇಶ ಬಿಟ್ಟು ಹೋಗೋಕೆ ಅಪ್ಪಣೆ ಸಿಗಲಿಲ್ಲ. ಬಂಗಾಳದ ಕಡೆಯಿಂದ ದಾಳಿಕೋರರು ಬಂದು ಮಾಲೆಯನ್ನು ಲೂಟಿ ಮಾಡಿದಾಗಲೇ, 1607ರಲ್ಲಿ, ಅವನಿಗೆ ಬಿಡುಗಡೆ. ಐದು ವರ್ಷ! ನಾವು ಐದು ದಿನಕ್ಕೆ ಸಾಲ ಮಾಡಿ ಹೋಗುವ ಜಾಗದಲ್ಲಿ ಅವನು ಐದು ವರ್ಷ ಕೈದಿಯ ಹಾಗಿದ್ದ. ಅವನ ಹಡಗಿನ ಹೆಸರು 'ಕೋರ್ಬಿನ್'. ಈ ಹೆಸರು ನೆನಪಿಟ್ಟುಕೊಳ್ಳಿ.

ನಡುವಿನ ಕಾಲವನ್ನು ಬೇಗ ದಾಟಿಬಿಡೋಣ. ಪೋರ್ಚುಗೀಸರು 1558ರಿಂದ 1573ರವರೆಗೆ ಮಾಲೆಯಲ್ಲಿ ಕೂತಿದ್ದರು, ಪಿರಾರ್ ಬರುವ ಹೊತ್ತಿಗೆ ಅವರನ್ನು ಓಡಿಸಿ ಆಗಿತ್ತು. ಬ್ರಿಟಿಷರ ರಕ್ಷಣೆಯ ಕಾಲ ಬಂತು. 1965ರ ಜುಲೈ 26ಕ್ಕೆ ಸ್ವಾತಂತ್ರ್ಯ. ಸ್ವತಂತ್ರವಾದ ದೇಶದ ಕೈಯಲ್ಲಿದ್ದದ್ದು ಏನು? ಒಣಗಿಸಿದ ಟ್ಯೂನಾ ಮೀನು. ಕೊಳ್ಳುವವರು ಶ್ರೀಲಂಕಾದವರು. ಸುಮಾರು 1,200 ದ್ವೀಪ, ಜನ ಇರೋದು ಇನ್ನೂರರಲ್ಲಿ. ಅಷ್ಟೇ ಆಸ್ತಿ.

1971ರಲ್ಲಿ ಕೊಲಂಬೋದಲ್ಲಿ ಇಟಲಿಯ ಒಬ್ಬ ಪ್ರವಾಸಿ ಏಜೆಂಟ್, ಯಾರೂ ಮುಟ್ಟದ ದ್ವೀಪ ಹುಡುಕಿಕೊಂಡು ಬಂದವನು, ಮಾಲ್ಡೀವ್ಸ್ ರಾಯಭಾರ ಕಚೇರಿಯ ಕಿರಿಯ ಅಧಿಕಾರಿ ಅಹ್ಮದ್ ನಸೀಮ್ ಅವರ ಕಣ್ಣಿಗೆ ಬಿದ್ದ. ಬನ್ನಿ ನಮ್ಮಲ್ಲಿಗೆ ಅಂತ ಕರೆದುಕೊಂಡು ಹೋದರು. ಆ ಇಟಲಿಯವನ ಹೆಸರು ಜಾರ್ಜ್ ಕೋರ್ಬಿನ್! ಒಬ್ಬ ಕೋರ್ಬಿನ್ ಒಡೆದು ಚೂರಾಗಿ, 370 ವರ್ಷ ಬಿಟ್ಟು ಇನ್ನೊಬ್ಬ ಕೋರ್ಬಿನ್ ನಗುನಗುತ್ತಾ ಬಂದಿಳಿದ. ಕಾಕತಾಳೀಯ ಅಷ್ಟೇ. ಆದರೂ ಸುದ್ದಿಮನೆಯವನಿಗೆ ಇಂಥದ್ದು ಸಿಕ್ಕರೆ ಬಿಡೋಕಾಗುತ್ತಾ?

1972ರ ಫೆಬ್ರವರಿಯಲ್ಲಿ ಇಪ್ಪತ್ತು ಚಿಲ್ಲರೆ ಇಟಾಲಿಯನ್ನರು ಬಂದರು. ಹೋಟೆಲ್ ಇರಲಿಲ್ಲ, ಮಾಲೆಯ ಮೂರು ಮನೆಗಳಲ್ಲಿ ಉಳಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಮಾಲೆ ಪಕ್ಕದ ಖಾಲಿ ದ್ವೀಪದಲ್ಲಿ ಮೊದಲ ರೆಸಾರ್ಟು, ಕುರುಂಬಾ. ದಿವೇಹಿಯಲ್ಲಿ ಕುರುಂಬಾ ಅಂದರೆ ಎಳನೀರು. ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಸೂರು, 60 ಹಾಸಿಗೆ. ಈ ದೇಶಕ್ಕೆ ಪ್ರವಾಸೋದ್ಯಮ ಆಗಿಬರಲ್ಲ ಅಂತ ವಿಶ್ವಸಂಸ್ಥೆಯ ತಜ್ಞರು ಅದಕ್ಕೂ ಮೊದಲೇ ವರದಿ ಕೊಟ್ಟಿದ್ದರು. ತಜ್ಞರು! ನಮ್ಮ ಎಕ್ಸಿಟ್ ಪೋಲ್ ನೆನಪಾಯಿತು ನನಗೆ. 2024ರಲ್ಲಿ ಅಲ್ಲಿಗೆ ಹೋದವರ ಸಂಖ್ಯೆ 20 ಲಕ್ಷ ದಾಟಿತು. ಇಡೀ ದೇಶದ ಜನಸಂಖ್ಯೆಯೇ ಸುಮಾರು ಐದು ಲಕ್ಷ.

ಈಗ ನನ್ನ ಹೆಂಡತಿಯ ಪ್ರಶ್ನೆಗೆ ಬರ್ತೀನಿ.

ಒಂದು ದ್ವೀಪಕ್ಕೆ ಒಂದೇ ರೆಸಾರ್ಟು, ಅದೂ ಜನ ಇಲ್ಲದ ದ್ವೀಪದಲ್ಲಿ. ಇದು ಸರ್ಕಾರವೇ ಹಾಕಿಕೊಂಡ ನೀತಿ. 1980ರ ದಶಕದಲ್ಲಿ ಊರಿರುವ ದ್ವೀಪಗಳಲ್ಲಿ ವಿದೇಶಿಯರಿಗೆ ರೂಮು ಕೊಡುವುದನ್ನೂ ನಿಲ್ಲಿಸಿದರು. ಕಾರಣ ಏನು? ನಮ್ಮ ಧರ್ಮ, ನಮ್ಮ ರೀತಿ ರಿವಾಜು ಕೆಡಬಾರದು, ದುಡ್ಡೂ ಬರಬೇಕು. 2009ರ ನಂತರವಷ್ಟೇ ಊರಿನ ಜನರಿಗೆ ಗೆಸ್ಟ್ ಹೌಸ್ ನಡೆಸಲು ಬಾಗಿಲು ತೆರೆಯಿತು. ಅಂದರೆ ಅಲ್ಲಿಯವರೆಗೆ ಸುಮಾರು ಕಾಲು ಶತಮಾನ, ಬಂದವರು ಊರು ನೋಡಲಿಲ್ಲ, ಊರಿನವರು ಬಂದವರ ದುಡ್ಡನ್ನು ಕೈಯಾರೆ ಮುಟ್ಟಲಿಲ್ಲ. ನಾವು ಹೋದದ್ದು 2023ರಲ್ಲಿ. ಗೆಸ್ಟ್ ಹೌಸುಗಳು ಬಂದು ವರ್ಷಗಳಾಗಿದ್ದವು, ಆದರೆ ರೆಸಾರ್ಟಿನ ದ್ವೀಪ ಹಾಗೇ ಖಾಲಿ ಇತ್ತು. ನಾವಿಬ್ಬರು ಆಹಾ ಎಂಥಾ ಏಕಾಂತ ಅಂತ ಮೆಚ್ಚಿಕೊಂಡೆವಲ್ಲ, ಆ ಏಕಾಂತವನ್ನು ಕಾನೂನು ಮಾಡಿ ತಯಾರಿಸಿದ್ದರು. ನಾನು ಕೊಟ್ಟ ಬಿಲ್ಲಿನಲ್ಲಿ ದೊಡ್ಡ ಪಾಲು ಅದರದ್ದೇ ಇರಬೇಕು.

ಎಲ್ಲ ದ್ವೀಪವೂ ಮೊದಲಿಂದ ಖಾಲಿ ಇತ್ತಾ? ಗಿರಾವರು ಅಂತ ಒಂದು ದ್ವೀಪ, ಮಾಲೆಗೆ ಹತ್ತಿರ. ಅಲ್ಲಿಯ ಜನ ತಾವೇ ಈ ದೇಶದ ಮೊದಲ ನಿವಾಸಿಗಳು, ತಮಿಳು ಕಡೆಯಿಂದ ಬಂದವರು ಅಂತ ಹೇಳಿಕೊಳ್ಳುತ್ತಿದ್ದರು. ಅವರದ್ದು ಬೇರೆಯೇ ಕಟ್ಟುಪಾಡು. ಒಬ್ಬನಿಗೆ ಒಬ್ಬಳೇ ಹೆಂಡತಿ, ವಿಚ್ಛೇದನ ಅನ್ನೋ ಮಾತೇ ಇಲ್ಲ. ಬತೂತಾನ ಕಾಲದಿಂದ ಸುಲಭ ಮದುವೆ, ಸುಲಭ ತಲಾಖಿನ ದೇಶ ಅದು. ಜಗತ್ತಿನಲ್ಲೇ ಅತಿ ಹೆಚ್ಚು ವಿಚ್ಛೇದನದ ಪ್ರಮಾಣ ಅಂತ ಗಿನ್ನೆಸ್‌ನವರು ದಾಖಲಿಸಿದ ದೇಶ. ಅಂಥ ಕಡೆ ಇವರು ಕೊನೆಯವರೆಗೂ ಜೋಡಿಯಾಗಿಯೇ ಉಳಿದವರು.

ಸಮುದ್ರ ಗಿರಾವರುವಿನ ದಡ ಕೊರೆಯುತ್ತಾ ಬಂತು. ಜನ ಕಡಿಮೆಯಾದರು. ಶುಕ್ರವಾರದ ನಮಾಜಿಗೆ 40 ಗಂಡಸರು ಬೇಕು ಅನ್ನುವ ಲೆಕ್ಕ, ಅಷ್ಟು ಮಂದಿ ಇರಲಿಲ್ಲ. 1968ರಲ್ಲಿ ಅವರನ್ನು ಎಬ್ಬಿಸಿ ಹುಲುಲೆ ದ್ವೀಪಕ್ಕೆ ತಂದು ಬಿಟ್ಟರು. ಹುಲುಲೆ ಯಾವುದು ಗೊತ್ತಲ್ಲ? ನಾವು ವಿಮಾನದಿಂದ ಇಳಿದದ್ದು ಅಲ್ಲೇ. 1988ರ ನವೆಂಬರ್ 3ರ ರಾತ್ರಿ, ಕ್ಷಿಪ್ರಕ್ರಾಂತಿ ಮುರಿಯಲು ಆಗ್ರಾದಿಂದ ಹಾರಿದ ನಮ್ಮ ಪ್ಯಾರಾ ಯೋಧರು ಇಳಿದದ್ದೂ ಅದೇ ದ್ವೀಪದಲ್ಲಿ. ರನ್‌ವೇ ಉದ್ದ ಮಾಡುವಾಗ ಗಿರಾವರು ಜನರನ್ನು ಮತ್ತೆ ಎಬ್ಬಿಸಿದರು, ಈ ಸಲ ಮಾಲೆಗೆ. ಆ ಕಿಕ್ಕಿರಿದ ಪೇಟೆಯಲ್ಲಿ ಬೇರೆಯವರ ಜೊತೆ ಮದುವೆ ಸಂಬಂಧ ಬೆಳೆದು, ಅವರ ಪ್ರತ್ಯೇಕ ಕಟ್ಟುಪಾಡು ಕರಗಿಹೋಯಿತು. ಅವರು ಬಿಟ್ಟುಬಂದ ದ್ವೀಪ ಏನಾಯಿತು ಅಂತ ಹೇಳಲೇಬೇಕಾ? ರೆಸಾರ್ಟ್ ಆಯಿತು.

ಯಾರನ್ನ ಬೈಯೋದು? ನನಗಂತೂ ಸುಲಭದ ಉತ್ತರ ಸಿಗಲಿಲ್ಲ. ಕುರುಂಬಾ ಕಟ್ಟಿದವರು ಅದೇ ಮಣ್ಣಿನ ಹುಡುಗರು. ಆ ದುಡ್ಡಿನಿಂದಲೇ ಶಾಲೆ ಬಂತು, ಆಸ್ಪತ್ರೆ ಬಂತು, ತಲಾ ಆದಾಯದಲ್ಲಿ ಆ ಪುಟ್ಟ ದೇಶ ದಕ್ಷಿಣ ಏಷ್ಯಾದ ಎಲ್ಲರನ್ನೂ ಹಿಂದೆ ಹಾಕಿತು. ಮೀನು ಒಣಗಿಸಿಕೊಂಡೇ ಇರಿ, ನಮಗೆ ನೋಡೋಕೆ ಚೆಂದ, ಅಂತ ಹೇಳೋಕೆ ನಾನ್ಯಾರು? ಆದರೆ ಗಿರಾವರುವಿನ ಒಬ್ಬ ಅಜ್ಜಿ ತನ್ನ ಹಳೇ ದಡಕ್ಕೆ ಹೋಗಿ ಕೂರಬೇಕು ಅಂದುಕೊಂಡರೆ? ಅದು ಈಗ ಯಾರೋ ಗುತ್ತಿಗೆ ಹಿಡಿದ ಜಾಗ. ಗೋಕರ್ಣದ ಕಡೆ, ಕಾರವಾರದ ಕಡೆ ರೆಸಾರ್ಟು ಬರಲಿ, ಉದ್ಯೋಗ ಬರಲಿ ಅಂತ ನಾನೇ ಎಷ್ಟು ಸಲ ಟಿವಿಯಲ್ಲಿ ಹೇಳಿದ್ದೀನೋ. ಬಲೆ ಒಣಗಿಸುವವರು ಎಲ್ಲಿಗೆ ಹೋಗಬೇಕು ಅಂತ ಒಂದು ಸಲವೂ ಕೇಳಲಿಲ್ಲ.

ಹೊರಡುವ ದಿನ ಬೆಳಗ್ಗೆ ಅವಳಿಗೆ ನೀರಿನಂಚಿನಲ್ಲಿ ಒಂದು ಕವಡೆ ಸಿಕ್ಕಿತ್ತು. ಹಳದಿ ಮಿಶ್ರಿತ ಬಿಳಿ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಮನೆಯ ಚೌಕಾಬಾರದ ಆರು ಕವಡೆಯಲ್ಲಿ ಒಂದು ಕಳೆದುಹೋಗಿ ವರ್ಷಗಳಾಗಿದ್ದವು, ಅದರ ಜಾಗಕ್ಕೆ ಹುಣಸೆ ಬೀಜ ಇಟ್ಟು ಆಡುತ್ತಿದ್ದೆವು. ಸೀರೆ ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದವಳನ್ನು ಬಾಂಗ್ಲಾದ ಆ ಹುಡುಗ ನೋಡಿದ. "ಮೇಡಂ, ಏರ್‌ಪೋರ್ಟಲ್ಲಿ ಬಿಡಲ್ಲ. ಚಿಪ್ಪು, ಮರಳು, ಹವಳ, ಯಾವುದೂ ಹೊರಗೆ ಒಯ್ಯೋ ಹಾಗಿಲ್ಲ," ಅಂದ, ಅವನ ಹಿಂದಿಯಲ್ಲಿ.

ವರ್ಷಕ್ಕೆ ಮೂವತ್ತು ನಲವತ್ತು ಹಡಗು ಬರೀ ಕವಡೆಯೇ ತುಂಬಿಕೊಂಡು ಹೋಗುತ್ತಿದ್ದವು ಅಂತ ಪಿರಾರ್ ಬರೆದಿರುವುದನ್ನು ನಾನು ಆಗಿನ್ನೂ ಓದಿರಲಿಲ್ಲ. ಅವಳು ಗಂಟು ಬಿಚ್ಚಿ ಕವಡೆಯನ್ನು ವಾಪಸ್ ನೀರಿಗೆ ಹಾಕಿದಳು. ಚೌಕಾಬಾರಕ್ಕೆ ಈಗಲೂ ಹುಣಸೆ ಬೀಜವೇ.