ಅಗಸಿ ಎಣ್ಣೆ ಕುಡಿದ ಬಾಗಿಲು

ರಾಯಚೂರಿನ ಕೋಟೆ ನೋಡಲು ಹೋದವರು ಗೋಡೆಯಲ್ಲಿರುವ ಆ ಉದ್ದನೆಯ ಕಲ್ಲನ್ನು ನೋಡದೆ ಬರುವುದಿಲ್ಲ. 41 ಅಡಿಗೂ ಮಿಕ್ಕ ಒಂದೇ ಚಪ್ಪಡಿ. ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿ 1294ರಲ್ಲಿ ಕೋಟೆ ಕಟ್ಟಿಸಿದ ಸಂಗತಿ ಅದರ ಮೇಲಿದೆ. ನನಗೆ ಆ ಶಾಸನಕ್ಕಿಂತ ಪ್ರಿಯವಾದದ್ದು ಗೋಡೆಯ ಮೇಲೆಯೇ ಕೊರೆದಿರುವ ಒಂದು ಚಿತ್ರ. ಅದೇ ಚಪ್ಪಡಿಯನ್ನು ಬಂಡಿಯ ಮೇಲೆ ಹೇರಿ, ಕೋಣಗಳ ಸಾಲು ಹೂಡಿ, ಎಳೆದು ತರುತ್ತಿರುವ ಚಿತ್ರ. ಕಲ್ಲು ಇವತ್ತಿಗೂ ನಿಂತಿದೆ. ಅದನ್ನು ಹೊತ್ತು ತಂದ ಕಟ್ಟಿಗೆಯ ಬಂಡಿ ಎಲ್ಲಿ ಹೋಯಿತು? ಬಿಸಿಲು, ಮಳೆ, ಗೆದ್ದಲು ಹಂಚಿಕೊಂಡು ತಿಂದವು. ನಮ್ಮ ಸೀಮೆಯ ಚರಿತ್ರೆ ಬರೆಯುವವರು ಕಲ್ಲನ್ನು ಓದಿ ಬರೆಯುತ್ತಾರೆ, ತಪ್ಪೇನಿಲ್ಲ. ಆದರೆ ಕಟ್ಟಿಗೆಗೂ ಒಂದು ಚರಿತ್ರೆ ಇದೆ, ಅದನ್ನು ಒರೆಸಿ, ತಿಕ್ಕಿ, ಎಣ್ಣೆ ಕುಡಿಸಿ ನೂರು ವರ್ಷ ಬದುಕಿಸಿದ ಕೈಗಳದ್ದು. ಮನೆಯ ಮಟ್ಟಿಗೆ ಹೇಳುವುದಾದರೆ ಅವು ಬಹುಪಾಲು ಬಳೆ ತೊಟ್ಟ ಕೈಗಳು.

ನನ್ನ ತವರು ದೇವದುರ್ಗ ತಾಲ್ಲೂಕಿನ ಮಸರಕಲ್. ನಮ್ಮ ಮನೆಯ ತಲೆಬಾಗಿಲು ಸಾಗವಾನಿಯದು. ದಪ್ಪ ದಾರಂದ, ಎರಡು ಕದ, ಸಾಲಾಗಿ ಬಡಿದ ಹಿತ್ತಾಳೆ ಗುಬ್ಬಿಗಳು. ಅದು ಬೀದಿಗೇ ಮುಖ ಮಾಡಿದೆ, ಮೇಲೆ ಚಾವಣಿಯ ಆಸರೆಯಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಕಡೆಯ ಬಿಸಿಲು ಹೇಗಿರುತ್ತದೆಂದು ನಾನು ವರ್ಣಿಸಬೇಕಾಗಿಲ್ಲ.

ಅವ್ವ ಆ ಬಾಗಿಲಿಗೆ ಎಂದೂ ಕೊಡ ಎತ್ತಿ ನೀರು ಸುರುವಿದವಳಲ್ಲ. ಅಂಗಳಕ್ಕೆ ಸಗಣಿ ನೀರು ಚಳೆ ಹೊಡೆದರೂ ಹೊಸ್ತಿಲಿಗೆ ಮಾತ್ರ ಹಿಂಡಿದ ಅರಿವೆ. ಒರೆಸಿ, ಆರಿದ ಮೇಲೆ ಅರಿಶಿನ, ಕುಂಕುಮ. ದಿನಾ ನೀರು ಕುಡಿದ ದಾರಂದದ ಕಾಲು ಮೊದಲು ಕೊಳೆಯುತ್ತದೆ, ಕೊಳೆತ ಕಡೆಯಿಂದಲೇ ಗೆದ್ದಲು ಏರುತ್ತದೆ. ಇದನ್ನು ಅವಳಿಗೆ ಯಾವ ಪುಸ್ತಕ ಕಲಿಸಿತ್ತು? ವರ್ಷಕ್ಕೊಮ್ಮೆ, ಯುಗಾದಿಗೆ ಮುಂಚೆ, ಕಟ್ಟಿಗೆ ಒಣಗಿ ಗಣಗಣ ಎನ್ನುವ ಹೊತ್ತಿಗೆ ಅಗಸಿ ಎಣ್ಣೆಯಲ್ಲಿ ಚಿಟಿಕೆ ಹುರಮಂಜು ಕಲಸಿ ತಿಕ್ಕುತ್ತಿದ್ದಳು. ಶೇಂಗಾ ಎಣ್ಣೆ ಯಾಕೆ ಬೇಡವೆಂದು ಕೇಳಿದರೆ, "ಅದು ಒಣಗಂಗಿಲ್ಲ, ಧೂಳು ಹಿಡೀತದ" ಎನ್ನುತ್ತಿದ್ದಳು.

ಅಗಸಿ ಎಂದಾಗ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಕಡೆ ಊರ ಹೆಬ್ಬಾಗಿಲೂ ಅಗಸಿಯೇ, ಚಟ್ನಿಪುಡಿ ಕುಟ್ಟುವ ಬೀಜವೂ ಅಗಸಿಯೇ. ಕಾರಹುಣ್ಣಿಮೆಗೆ ಎತ್ತುಗಳು ಕರಿ ಹರಿಯುವುದು ಒಂದು ಅಗಸಿಯಲ್ಲಿ, ರೊಟ್ಟಿಯ ಪಕ್ಕ ಕೂರುವುದು ಇನ್ನೊಂದು ಅಗಸಿ. ಪದಗಳ ಮೂಲ ಪಂಡಿತರು ನೋಡಿಕೊಳ್ಳಲಿ. ಬಾಗಿಲನ್ನು ಕಾಯುವುದೂ ಬಾಗಿಲಿನ ಹೆಸರಿನದೇ ಬೀಜ ಎಂಬುದು ನನಗೆ ಸಾಕು.

ಈ ಎಣ್ಣೆಯ ಗುಣವೇ ಬೇರೆ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ಅದು ಗಟ್ಟಿಯಾಗುತ್ತದೆ. ಔಡಲ ಎಣ್ಣೆ ಹಾಗಾಗುವುದಿಲ್ಲ, ಅದಕ್ಕೇ ಅದು ಬಂಡಿಯ ಅಚ್ಚಿಗೆ ಕೀಲೆಣ್ಣೆಯಾಗಿ ಸಲ್ಲುತ್ತದೆ. ಯುರೋಪಿನ ಚಿತ್ರಕಾರರು ಬಣ್ಣ ಕಲಸಿದ್ದು ಅಗಸಿ ಎಣ್ಣೆಯಲ್ಲೇ. ಹತ್ತೊಂಬತ್ತನೇ ಶತಮಾನದಲ್ಲಿ ಈ ದೇಶದ ಅಗಸಿ ಬೀಜ ಬೊಂಬಾಯಿ, ಕಲ್ಕತ್ತಾ ಬಂದರುಗಳಿಂದ ಹಡಗು ಹಡಗಾಗಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಹುರಮಂಜಿನದೂ ಅದೇ ಕಥೆ. ಅದು ಕಬ್ಬಿಣದ ಅಂಶವಿರುವ ಕೆಂಪು ಮಣ್ಣು. ಬಿಸಿಲು ಕಟ್ಟಿಗೆಯ ನಾರನ್ನು ಹಿಡಿದಿಟ್ಟ ಅಂಟನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆದೊಯ್ಯುತ್ತದೆ, ಮೇಲ್ಮೈ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕೆಂಪು ಮಣ್ಣು ಆ ಬಿಸಿಲಿಗೆ ಅಡ್ಡ ನಿಲ್ಲುತ್ತದೆ. ಸ್ವೀಡನ್ನಿನ ಕೆಂಪು ಮರದ ಮನೆಗಳಲ್ಲೂ ಅಮೆರಿಕದ ಕೆಂಪು ಕಣಜಗಳಲ್ಲೂ ಇರುವುದು ಇದೇ ಬಗೆಯ ಮಣ್ಣು.

ಆಮೇಲೆ ಡಬ್ಬಿಯ ಬಣ್ಣ ಬಂತು. ಅಂಗಡಿಯಲ್ಲಿ ಸಿಗುವ ಆಯಿಲ್ ಪೇಂಟು ಕಟ್ಟಿಗೆಯೊಳಗೆ ಇಳಿಯುವುದಿಲ್ಲ, ಮೇಲೆ ತೊಗಲಿನಂತೆ ಕೂರುತ್ತದೆ. ಎಲ್ಲೋ ಒಂದು ಕಡೆ ಬಿರುಕು ಬಿಟ್ಟರೆ ಅಲ್ಲಿಂದ ನೀರು ಒಳಗೆ ಹೋಗಿ ಹೊರಗೆ ಬರಲಾರದೆ ಕೂತುಬಿಡುತ್ತದೆ. ನಮ್ಮ ಬಾಗಿಲಿಗೂ ಅವ್ವನ ಕೈ ಸೋತ ಮೇಲೆ ಪ್ರತಿ ಮದುವೆಗೊಂದು ಬಣ್ಣ ಬಿತ್ತು. ಅಕ್ಕನ ಮದುವೆಗೆ ಹಸಿರು, ನನ್ನದಕ್ಕೆ ನೀಲಿ, ತಮ್ಮನದಕ್ಕೆ ಚಾಕಲೇಟು. ಗುಬ್ಬಿಗಳಿಗೂ ಬಿಡಲಿಲ್ಲ.

ಹೋದ ವರ್ಷ ತಮ್ಮ ಫೋನು ಮಾಡಿ, "ಅಕ್ಕ, ಬಾಗಿಲು ಹೋಗ್ಯದ. ಹಳೇ ಸಾಮಾನಿನವ್ರು ಕೇಳ್ಯಾರ, ಕೊಟ್ಟು ಕಬ್ಬಿಣದ್ದು ಕೂಡಿಸ್ತೀನಿ" ಎಂದ. ಹಳೆಯ ಸಾಗವಾನಿಗೆ ದೊಡ್ಡ ಊರುಗಳಲ್ಲಿ ಬೆಲೆ ಬಂದಿದೆಯಲ್ಲ. ನಮ್ಮಲ್ಲಿ 'ಹೋಗ್ಯದ' ಎನಿಸಿಕೊಂಡ ಬಾಗಿಲು ಅಲ್ಲಿ ಹೋಟೆಲಿನ ಅಲಂಕಾರವಾಗುತ್ತದೆ. "ಒಂದು ತಿಂಗಳು ತಡಿಯಪ್ಪ" ಎಂದೆ.

ಅದೇ ವಾರ ಅಮೆರಿಕದಲ್ಲಿರುವ ಮಗಳೊಂದಿಗೆ ಮಾತಾಡುವಾಗ ಅವಳೂ ಕಟ್ಟಿಗೆಯ ಗೋಳನ್ನೇ ಹೇಳಿಕೊಂಡಳು. ಅಲ್ಲಿ ಹಿತ್ತಲಿಗೆ ಹಲಗೆಯ ಜಗಲಿ, ಸುತ್ತ ಹಲಗೆಯ ಬೇಲಿ. ಎರಡು ಮೂರು ವರ್ಷಕ್ಕೊಮ್ಮೆ ತೊಳೆದು ಎಣ್ಣೆ ಬಣ್ಣ ಕುಡಿಸಬೇಕಂತೆ. ಡಬ್ಬಿಯ ಮೇಲಿನದನ್ನು ಓದಿಸಿದೆ. ಅಗಸಿ ಎಣ್ಣೆ, ಕಬ್ಬಿಣದ ಕೆಂಪು! ತೊಳೆಯುವ ಪುಡಿಯಲ್ಲಿ ಆಕ್ಸಾಲಿಕ್ ಆಮ್ಲ. ಚಳಿಗಾಲದ ಬೆಳಗ್ಗೆ ಕಡಲೆ ಹೊಲಕ್ಕೆ ಅರಿವೆ ಹಾಸಿ ಹಿಂಡಿ ತರುತ್ತಿದ್ದ ಹುಳಿಯಲ್ಲೂ ಆ ಆಮ್ಲದ ಅಂಶವಿದೆ.

ಅವಳ ಮನೆ ಹಳೆಯದು, ಜಗಲಿಯ ಹಲಗೆಗೆ ಅಲ್ಲಲ್ಲಿ ಹಸಿರು ಛಾಯೆ. ಅದರ ಹಿಂದೆಯೂ ನಮ್ಮವರೊಬ್ಬರು ಇದ್ದಾರೆ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿ ಕಟ್ಟಿಗೆಯೊಳಗೆ ಒತ್ತಡದಿಂದ ತುಂಬುವ ಔಷಧ ಕಂಡುಹಿಡಿದರು. ಅದು ತುಂಬಿದ ಕಂಬಕ್ಕೆ ಗೆದ್ದಲು ಬಾಯಿ ಹಾಕುವುದಿಲ್ಲ. ಅಮೆರಿಕದ ಲಕ್ಷಾಂತರ ಮನೆಗಳ ಜಗಲಿ, ಬೇಲಿಗಳು ಹಲವು ದಶಕ ಅದರಿಂದಲೇ ಉಳಿದವು. ಆರ್ಸೆನಿಕ್ಕಿನ ಭಯದಿಂದ 2003ರ ಕೊನೆಗೆ ಅಲ್ಲಿ ಮನೆಬಳಕೆಯ ಕಟ್ಟಿಗೆಗೆ ಅದನ್ನು ತುಂಬುವುದನ್ನು ನಿಲ್ಲಿಸಿದರು. ಅಂಥ ಹಲಗೆಯನ್ನು ಸುಡಬಾರದು, ಉಜ್ಜಿ ಪುಡಿ ಎಬ್ಬಿಸಬಾರದು ಎಂದು ಮಗಳಿಗೆ ಇಲ್ಲಿಂದಲೇ ತಾಕೀತು ಮಾಡಿದೆ.

ಮಸರಕಲ್ಲಿನ ಬಾಗಿಲಿಗೂ ಅದೇ ಎಚ್ಚರ ಬೇಕಾಗಿತ್ತು. ನಮ್ಮ ದೇಶದಲ್ಲಿ ಮನೆ ಬಣ್ಣದ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದ್ದೀತೆಂದೇ ತಿಳಿಯಬೇಕು. ತಮ್ಮನ ಮಕ್ಕಳನ್ನು ಅವರ ಸೋದರಮಾವನ ಊರಿಗೆ ಕಳಿಸಿ, ಬಾಯಿಗೆ ಬಟ್ಟೆಯಲ್ಲ, ಧೂಳು ತಡೆಯುವ ಮಾಸ್ಕನ್ನೇ ಕಟ್ಟಿಕೊಂಡು, ನಾನೂ ನಾದಿನಿಯೂ ಕೂತೆವು. ಒಣ ಉಜ್ಜಾಟ ಇಲ್ಲ. ಒದ್ದೆ ಮಾಡಿ ಮಾಡಿ ಮೊಂಡು ತಗಡಿನಿಂದ ಕೆರೆದು, ಬಿದ್ದ ಹೊಪ್ಪಳವನ್ನೆಲ್ಲ ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಿದೆವು. ಚಾಕಲೇಟು ಹೋಯಿತು, ನೀಲಿ ಬಂತು. ನೀಲಿ ಹೋಗಿ ಹಸಿರು. ಹಸಿರಿನ ಕೆಳಗೆ ಏನೂ ಕೆರೆಯುವಂಥದು ಇರಲಿಲ್ಲ, ಕಟ್ಟಿಗೆಯೊಳಗೇ ಇಳಿದುಹೋದ ಕೆಂಪು. ನಾದಿನಿ ಬೆರಳಿನಿಂದ ಮುಟ್ಟಿ, "ಅತ್ತಿ ಹಚ್ಚಿದ್ದು" ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಕೈ ಆಡಿಸಲಿಲ್ಲ.

ದಾರಂದದ ಎಡಗಾಲು ಮಾತ್ರ ಒಂದು ಗೇಣು ಟೊಳ್ಳಾಗಿತ್ತು. ಬಡಿಗೇರ ಕಾಕಾ ಅಷ್ಟನ್ನು ಕೊಯ್ದು ತೆಗೆದು ಹಳೆಯ ಸಾಗವಾನಿಯ ತುಂಡನ್ನೇ ಕೂಡಿಸಿಕೊಟ್ಟರು, ಕೆಳಗೆ ನೆಲ ತಾಗದಂತೆ ಕಲ್ಲು ಇಟ್ಟರು. ಒಂದು ವಾರ ಒಣಗಲು ಬಿಟ್ಟೆವು. ಮೊದಲ ಕೈಗೆ ಅಗಸಿ ಎಣ್ಣೆಗೆ ಸಮ ಟರ್ಪೆಂಟೈನ್ ಬೆರೆಸಿದರೆ ಆಳಕ್ಕೆ ಇಳಿಯುತ್ತದೆ. ಆಮೇಲಿನ ಕೈಗಳಿಗೆ ಎಣ್ಣೆ ಮತ್ತು ಹುರಮಂಜು, ತೆಳ್ಳಗೆ, ಅರ್ಧ ಗಂಟೆಯ ಮೇಲೆ ಉಳಿದದ್ದನ್ನು ಒರೆಸಿ ತೆಗೆಯಬೇಕು. ನೀವು ಯಾರಾದರೂ ಮಾಡುವುದಿದ್ದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯಾಗಿದ್ದರೆ ತಾನೇ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಹೊರಗೆ ಬಿಡಿಸಿ ಹಾಕಿ.

ಮೂರನೇ ಕೈ ಹಚ್ಚಿದ ದಿನ ತಮ್ಮ ಸಂಜೆ ಬಂದು ಕದವನ್ನು ಹಿಂದೆ ಮುಂದೆ ಮಾಡಿ ನೋಡಿದ. "ಮಳೆಗಾಲ ಕಳೀಲಿ, ನೋಡಾಮು" ಎಂದ. ಮಳೆಗಾಲ ಕಳೆದಿದೆ. ಬಾಗಿಲು ಅಲ್ಲೇ ಇದೆ. ಕಬ್ಬಿಣದ ಬಾಗಿಲಿಗೆ ಅವನು ಕೊಟ್ಟಿದ್ದ ಮುಂಗಡ ಮಾತ್ರ ಇನ್ನೂ ವಾಪಸು ಬಂದಿಲ್ಲ.